ಬಾನೆಟ್ ಮೇಲೆ ನಿಂತು ಆಡಿದ ಮಾತು

...ಅಲ್ಲಾ ಮಾರಾಯ, ಆ ಟವೆಲ್ ತಲೆಗೆ ಒತ್ತಿ ಹಿಡ್ಕೋ! ರಕ್ತ ಇನ್ನೂ ನಿಂತಿಲ್ಲ. ಮೂಡಿಗೆರೆ ಆಸ್ಪತ್ರೆ ಇನ್ನೇನು ಬಂತು. ಹಿಂದೆ ಯಾರಾದ್ರೂ ಬರ್ತಿದಾರಾ ನೋಡು... ಇಲ್ವಾ? ಸದ್ಯ. ಸ್ಟೇರಿಂಗ್ ಹಿಡ್ಕೊಂಡು ನಾನು ತಿರುಗಿ ನೋಡೋ ಹಾಗಿಲ್ಲ.

ಹೆದರಿದ್ದೆ ಮಲ್ಲೇಶ, ನಿಜವಾಗ್ಲೂ ಹೆದರಿದ್ದೆ. ಗೋಣಿಬೀಡಲ್ಲಿ ಅಷ್ಟು ಜನ! 'ಫಾರೆಸ್ಟ್ ವಾಚರ್ ಆಗಿ ಆನೆ ಬಂದಿದ್ದು ಹೇಳ್ಲಿಲ್ಲ, ಇವನಿಂದ ಆನೆ ತುಳಿದು ಲಕ್ಕಯ್ಯನ ಕಾಲು ಹೋಯ್ತು, ಬಡೀರಿ' ಅಂತ... ಬಿದ್ದದ್ದು ಒಂದೇ ಕಲ್ಲು, ಪುಣ್ಯ. ಇನ್ನೊಂದು ಗಳಿಗೆ ಬಿಟ್ಟಿದ್ರೆ ನಿನ್ನ ಮುಗಿಸೇಬಿಡ್ತಿದ್ರು.

ಅದಕ್ಕೇ ಜೀಪಿನ ಬಾನೆಟ್ ಹತ್ತಿದ್ದು. ಈ ಓಂಕಾರಮೂರ್ತಿ ಬಾಯಿ ಬಿಟ್ರೆ ಬೆಳೆಗಾರರ ಸಭೆ ತೆಪ್ಪಗಾಗತ್ತೆ ಅಂತಾರಲ್ಲ, ಸುಮ್ನೆ ಅಲ್ಲ ಕಣೋ. ನಾನು ಕೂಗ್ಲಿಲ್ಲ, ಗಮನಿಸಿದ್ಯಾ? ದನಿ ಇಳಿಸಿದೆ. ಕೇಳಿಸ್ಬೇಕು ಅಂದ್ರೆ ಅವ್ರೇ ಬಾಯಿ ಮುಚ್ಚಬೇಕಲ್ಲ! ವಾಚರ್ ಅನ್ಲಿಲ್ಲ, 'ನಮ್ಮ ಮಲ್ಲೇಶ' ಅಂದೆ. 'ನಿಮ್ಮ ಮಕ್ಕಳು ಸ್ಕೂಲಿಗೆ ಹೋಗುವಾಗ ಆನೆ ದಾರೀಲಿ ಮುಂದೆ ನಡೆದವ್ನು ಯಾರು?' ಅಂತ ಕೇಳಿ ಸುಮ್ಮನೆ ನಿಂತೆ. ಉತ್ತರ ನಾನು ಹೇಳ್ಬಾರದು, ಅವ್ರ ಹೊಟ್ಟೇಲೇ ಹುಟ್ಬೇಕು. 'ನಿಮ್ಮ ತೋಟದಲ್ಲಿ ಆನೆ ನಿಂತಾಗ ಊಟ ಬಿಟ್ಟು ಓಡಿ ಬಂದವ್ನು ಯಾರು?' ಮತ್ತೆ ಸುಮ್ಮನೆ. ಆಗ ಕಲ್ಲು ಹಿಡಿದವ್ನೇ 'ಮಲ್ಲೇಶಣ್ಣ' ಅಂದ್ನಲ್ಲ! ಪ್ರೇಮಕುಮಾರಿ ಅಂಗಡಿ ಬಿಟ್ಟು ಟವೆಲ್ ತಂದ್ಲು. ಲಕ್ಕಯ್ಯನ ಮನೆಗೆ ದಿನಾ ಊಟ ಕಳಿಸ್ತೀವಿ, ಆಸ್ಪತ್ರೇಲಿ ಸರದಿ ಮೇಲೆ ಕೂರ್ತೀವಿ ಅಂದ್ರು... ನನಗೇ ಕಣ್ಣು ತುಂಬಿ ಬಂತು.

ಯಾಕೆ ನಗ್ತೀಯ? ನಗಬೇಡ ಮಾರಾಯ. ಮನಸ್ಸಿಂದ್ಲೇ ಆಡಿದ್ದು.

ಏನು, ಪಟಾಕಿನಾ? ಬೆಳಿಗ್ಗೆ ಯಾರು ಹೊಡೆದ್ರೋ ನನಗೇನು ಗೊತ್ತು! ನಾನಿನ್ನೂ ಎದ್ದೇ ಇರ್ಲಿಲ್ಲ. ಎಲ್ಲಾರೂ ಹೊಡೀತಾರಪ್ಪ. ತೋಟಕ್ಕೆ ಆನೆ ಬಂತು ಅಂದ್ರೆ ಪಟಾಕಿ ಹಚ್ಚಿ ಪಕ್ಕದವರ ತೋಟಕ್ಕೆ ದಾಟಿಸೋದು, ಅವ್ರು ಇನ್ನೊಬ್ರ ತೋಟಕ್ಕೆ ದಾಟಿಸೋದು... ಹೊಸದಾ? ಕಾಫಿ ಹಣ್ಣಾಗಿ ನಿಂತಿದೆ, ಗಿಡ ಮುರಿಯೋದು ನೋಡ್ಕೊಂಡು ಕೂರೋಕಾಗತ್ತಾ? ಮುಂಚೆ ನಿನಗೊಂದು ಫೋನ್ ಮಾಡ್ಬೇಕು, ಅದು ಸರಿ. ಮಾಡಿದ್ರೆ ರಸ್ತೇಲಿ ಜನರನ್ನ ತಡೆದು ನಿಲ್ಲಿಸ್ತಿದ್ದೆ ನೀನು, ಒಪ್ಪಿದೆ. ಆದ್ರೆ ಕೆರೆ ಏರಿ ಮೇಲೆ ಅಲ್ಲಾಡದೆ ನಿಂತಿದ್ದ ಸಲಗ, ಮೊದಲ್ನೇ ಪಟಾಕಿಗೆ ಕಿವಿನೂ ಆಡಿಸದೇ ಇದ್ದದ್ದು, ಎರಡನೇದಕ್ಕೆ ಒಮ್ಮೆಲೇ ರಸ್ತೆ ಕಡೆ ನುಗ್ಗತ್ತೆ ಅಂತ ಯಾರಿಗೆ...

...ಏನು? ಮಲಗಿದ್ದವ್ನಿಗೆ ಇದೆಲ್ಲಾ ಹೇಗೆ ಗೊತ್ತು ಅಂತಾನಾ?

ಟವೆಲ್ ಯಾಕೆ ಇಳಿಸಿದೆ?

ಯಾರೋ ಹೇಳಿದ್ರು. ಯಾರು ಅಂದ್ರೆ... ಯಾರೋ! ಹಾಗೆ ನೋಡ್ಬೇಡ. ಮಲ್ಲೇಶ... ಬೈ. ಬೇಕಾದ್ರೆ ಹೊಡಿ. ಲಕ್ಕಯ್ಯ ಆ ರಸ್ತೇಲಿ ಬರ್ತಿದ್ದ ಅಂತ ಗೊತ್ತಿರ್ಲಿಲ್ಲ, ದೇವರಾಣೆ ಗೊತ್ತಿರ್ಲಿಲ್ಲ! ಬಾನೆಟ್ ಹತ್ತಿದಾಗ ನಾನೇ ಅಂತ ಹೇಳೇಬಿಡೋಣ ಅನ್ಕೊಂಡೆ. ಕೆಳಗೆ ಅವ್ರ ಕೈಲಿ ಕಲ್ಲು ಕಂಡವು...

ಆಸ್ಪತ್ರೆ ಬಂತು. ಮೆಟ್ಲ ಹತ್ರ ಯಾರದು... ಹುಚ್ಚಮ್ಮನಾ? ಲಕ್ಕಯ್ಯನ ಹೆಂಡ್ತಿನಾ? ನಾನು ಮಾತಾಡಿದ್ದು ಇಷ್ಟು ಬೇಗ ಯಾರು ಹೇಳಿದ್ರು ಅವಳ್ಗೆ? ಕೈ ಮುಗೀತಾ ಬರ್ತಿದಾಳೆ. ಅಳ್ತಾ, ನನ್ನ ಕಡೆಗೇ... ನೀನ್ಯಾಕೆ ಬಾಗ್ಲು ತೆಗೀತೀಯ? ಬೇಡ... ಬಾಗ್ಲು ಹಾಕು ಮಾರಾಯ, ಬಾಗ್ಲು ಹಾಕು!