ಹೊಳಿಗೆ ಬಿಟ್ಟ ಸೀರಿ

ಗಾಣಗಾಪುರದ ಬಸ್ ನಿಲ್ದಾಣ. ಭೀಮಾ ನದಿಯಲ್ಲಿ ಸ್ನಾನ ಮುಗಿಸಿದ ಇಬ್ಬರು ಹೆಂಗಸರು ನನ್ನ ಪಕ್ಕ ಕೂತಿದ್ದರು. ಹಿರಿಯಾಕೆಯ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅಕ್ಕಾ, ಹಸಿ ಸೀರಿ ಯಾಕ್ ಹೊತ್ಕೊಂಡ್ ಬಂದ್ರಿ? ಮಿಂದ ಅರಿವಿ ಹೊಳ್ಯಾಗ ಬಿಟ್ರ ಪೀಡಾ ಹೋಗ್ತದಲ್ರಿ.”

“ಹೋದ ವರ್ಷ ಬಿಟ್ಟಿದ್ದೆ, ಮಹಾನಂದಾ. ಕೆಳಗಿನ ಊರಾಗ ನಮ್ಮ ಬೀಗರ ಪಂಪ್ ಬಂದ್ ಬಿತ್ತು. ನೋಡಿದ್ರ ಪೈಪಿನ ಬಾಯಾಗ ಮಂದಿ ಬಿಟ್ಟ ಅರಿವಿ ಗಂಟು. ಮ್ಯಾಲೇ ನನ್ನ ಹಸರ ಸೀರಿ!”

“ನಿಮ್ಮದೇ ಅಂತ ಹೆಂಗ ಗುರ್ತ ಹಿಡಿದ್ರು?”

“ಮಗಳ ಮದುವ್ಯಾಗ ಅವರೇ ಉಡಿಸಿದ್ದು.”

“ಅಯ್ಯಯ್ಯ! ಬೈದ್ರೇನು?”

“ಇಲ್ಲವ್ವ. ಒಗದು, ಇಸ್ತ್ರಿ ಮಾಡಿ, ಕುಂಕುಮ ಹಚ್ಚಿ ಮತ್ತ ಅದನ್ನೇ ಉಡಿಸಿ ಕಳಿಸಿದ್ರು.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಸ್ ಬಂತು. ಮಹಾನಂದಾ ಮಾತ್ರ ಹೊಳೆಯ ಕಡೆ ಓಡತೊಡಗಿದಳು.

“ಎಲ್ಲಿ ಹೊಂಟೀಯೇ?”

“ನಾ ಬಿಟ್ಟಿದ್ದು ನಮ್ಮತ್ತಿ ಕೊಟ್ಟ ಸೀರಿ! ಅವರ ಪಂಪೂ ಹೊಳ್ಯಾಗೇ ಅದ!”