ಟೆಂಡರ್ ಅನ್ನೋ ಒಂದೇ ಮಾತು

ಮಾನ್ಯ ಅಧ್ಯಕ್ಷರೇ, ವೇದಿಕೆ ಮೇಲೆ ಬೆವರು ಒರೆಸಿಕೊಳ್ಳುತ್ತಿರುವ ಗಣ್ಯರೇ, ತಿಂಡಿ ಪೊಟ್ಟಣ ಎಲ್ಲಿವರೆಗೆ ಬಂತು ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ, ಮತ್ತು ಇವತ್ತು ನಿವೃತ್ತರಾಗುತ್ತಿರುವ ನಮ್ಮ ಮನೆಯವರೇ,

ಹೆಂಡತಿಯೂ ಎರಡು ಮಾತಾಡಲಿ ಅಂದಿರಿ. ನನಗೆ ಒಂದೇ ಮಾತು ಸಾಕು. ಟೆಂಡರ್.

ಯಾಕೆ ನಗ್ತೀರಿ? ಇಡೀ ಟೆಂಡರ್ ವಿಭಾಗವೇ ಇಲ್ಲಿ ಕೂತಿದೆ, ಆ ಪದದ ಅರ್ಥ ನಿಮಗಿಂತ ಯಾರಿಗೆ ಗೊತ್ತು ಅಂತ ತಾನೇ? ಗುತ್ತಿಗೆದಾರರನ್ನ ಕರೆಯೋದು, ಮೊಹರು ಹಾಕಿದ ಲಕೋಟೆ ಒಡೆಯೋದು. ಆದರೆ ನಾನು ಇಂಗ್ಲಿಷ್ ಟೀಚರ್. ನನ್ನ ತರಗತಿಯಲ್ಲಿ ಅದು ವಿಶೇಷಣ, ಅದೂ ಊಟದ ವಿಶೇಷಣ. ಮಾಂಸವೋ ಬೀನ್ಸೋ ಹಲ್ಲಿಗೆ ಕಷ್ಟ ಕೊಡದ ಹಾಗೆ ಹದವಾಗಿ ಬೆಂದಿದ್ದರೆ ಟೆಂಡರ್. ಬ್ರೆಡ್ಡಿಗೆ ಟೆಂಡರ್ ಅನ್ನಬೇಡಿ, ಅದು ಬರೀ ಸಾಫ್ಟ್. ಬೇಯದಿದ್ದರೆ ನಾರು ನಾರು, ಜಾಸ್ತಿ ಬೆಂದರೆ ಪಿಚಿಪಿಚಿ. ಇವೆರಡರ ನಡುವೆ ಸ್ವಲ್ಪ ಹೊತ್ತು ಮಾತ್ರ ಅದು ಟೆಂಡರ್ ಆಗಿರುತ್ತೆ.

ಇವರು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ನಾನೇ ಮಾಂಸ ಬೇಯಿಸಿದ್ದೆ. ಹೊಸದಾಗಿ ಇಂಗ್ಲಿಷ್ ಕಲಿತ ಜಂಬ ನನಗೆ. "ಟೆಂಡರ್ ಆಗಿದೆಯಾ?" ಅಂದೆ. ಇವರು ಬಾಯಲ್ಲಿದ್ದದ್ದನ್ನ ನುಂಗಿ, "ಇನ್ನೂ ಇಲ್ಲ, ಮುಂದಿನ ತಿಂಗಳು ಕರೀತಾರೆ" ಅಂದರು. ನಮ್ಮಪ್ಪ ಬಿದ್ದು ಬಿದ್ದು ನಕ್ಕರು. ಒಂದೇ ಅರ್ಜಿ ಬಂದರೆ ತಿರಸ್ಕರಿಸಿ ಮತ್ತೆ ಕರೀಬೇಕು ಅನ್ನೋದು ನಿಮ್ಮ ನಿಯಮವಂತೆ. ಪಾಪ, ಅಪ್ಪನಿಗೆ ಗೊತ್ತಿರಲಿಲ್ಲ, ನನ್ನನ್ನ ಕೇಳಿ ಬಂದ ಒಬ್ಬನೇ ವರನನ್ನ ಒಪ್ಪಿಬಿಟ್ಟರು.

ಆಮೇಲೆ ಒಂದಿನ ಶಾಲೆ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡೆ. ಡಾಕ್ಟರು ಒತ್ತಿ "ಟೆಂಡರಾ?" ಅಂದರು. ಮುಟ್ಟಿದರೆ ನೋಯುತ್ತಾ ಅಂತ ಅರ್ಥ. ನಾನು ಅಯ್ಯೋ ಅಂತ ಕೂಗಿಕೊಂಡೆ. ಪಕ್ಕದಲ್ಲಿ ಮೊಬೈಲು ಹಿಡಿದು ಕೂತಿದ್ದ ಇವರು ತಲೆ ಎತ್ತಿ, "ಯಾವ ವಿಭಾಗದ್ದು?" ಅಂದರು. ಅವತ್ತು ನನಗೂ ನಗು ಬಂತು. ಮನೆಗೆ ಬಂದ ಮೇಲೆ ಯಾಕೋ ಅಳು ಬಂತು.

ಇರಲಿ, ನಾನು ಎಲ್ಲಿದ್ದೆ? ಹಾಂ, ಹದ. ಲಕೋಟೆ ಒಡೆಯೋದು ಒಂದು ನಿಮಿಷ ತಡವಾದರೆ ಇವರು ಹಾರಾಡ್ತಿದ್ದರು ಅಂತ ಈಗಷ್ಟೇ ನಾಲ್ಕು ಜನ ಹೊಗಳಿದರು. ಸಂತೋಷ. ನನ್ನ ಅಡುಗೆಗೂ ಕೊನೆಯ ಗಳಿಗೆ ಅಂತ ಒಂದಿತ್ತು, ಅದನ್ನ ಯಾರು ಕೇಳಿದರು? ಬಿಸಿ ಮಾಡಿ, ಕಾದು, ಮತ್ತೆ ಬಿಸಿ ಮಾಡಿ, ಪಿಚಿಪಿಚಿ ಆದದ್ದನ್ನೇ ಇವರು ಉಂಡರು. ಇವರ ಪ್ರಕಾರ ನನಗೆ ಅಡುಗೆ ಬರೋದಿಲ್ಲ. ಬರುತ್ತೆ ಸಭಿಕರೇ. ಹದವಾಗಿದ್ದಾಗ ತಿನ್ನೋಕೆ ಇವರು ಇರಲಿಲ್ಲ, ಅಷ್ಟೆ.

ಇವತ್ತಿಗೆ ಅದೆಲ್ಲ ಮುಗೀತು ಅಂದುಕೊಂಡಿದ್ದೆ. ಮೊನ್ನೆ ಟೈಲರ್ ಸಿಕ್ಕಿ, "ಮೇಡಂ, ಇನ್ನೆರಡು ವರ್ಷ ಆಫೀಸಿಗೆ ಬೇಕು ಅಂತ ಸಾರ್ ಕೊಟ್ಟ ಪ್ಯಾಂಟು ರೆಡಿ" ಅಂದ. ನಿವೃತ್ತರಾಗೋರು ಆಫೀಸಿಗೆ ಹೊಸ ಪ್ಯಾಂಟ್ ಹೊಲಿಸ್ತಾರಾ? ನೀವೇ ಹೇಳಿ. ಅಧ್ಯಕ್ಷರೇ, ಕೆಮ್ಮಬೇಡಿ. ನನ್ನ ಮಾತು ಮುಗಿದ ಮೇಲೆ ನೀವು ಕೈಯಲ್ಲಿರೋ ಆ ಕಾಗದ ಓದಿ ಇವರಿಗೆ ಇನ್ನೆರಡು ವರ್ಷದ ಕೆಲಸ ಘೋಷಿಸ್ತೀರಿ, ಇವರು ಕೈಮುಗಿದು ಹೂಂ ಅಂತಾರೆ. ಹೆಂಡತಿಯನ್ನ ಒಂದು ಮಾತು ಕೇಳಿಲ್ಲ. ನನಗೆ ಬೇಜಾರಾಗಿದೆ. ಡಾಕ್ಟರು ಹೇಳಿದ ಅರ್ಥದಲ್ಲೇ ಟೆಂಡರ್ ಆಗಿದ್ದೀನಿ, ಮುಟ್ಟಿದರೆ ನೋಯುತ್ತೆ.

ಆದ್ದರಿಂದ ಇವತ್ತು ನಾನೇ ಟೆಂಡರ್ ಕರೀತಿದ್ದೀನಿ. ಕೆಲಸ ಇಷ್ಟೇ: ಎದುರಿಗೆ ಕೂತು ಬಿಸಿಬಿಸಿ ಉಣ್ಣೋದು. ಮಾಂಸ ಮುಕ್ಕಾಲು ಬೇಯಿಸಿಟ್ಟು ಬಂದಿದ್ದೀನಿ, ಹೋಗಿ ಹದಕ್ಕೆ ತರ್ತೀನಿ. ಎಂಟಕ್ಕೆ ಬಡಿಸ್ತೀನಿ. ಗಡುವು ಮುಂದಕ್ಕೆ ಹಾಕೋದಿಲ್ಲ. ಇವರು ಬಾರದಿದ್ದರೆ ಟೈಲರನ್ನ ಕರೆದು ಬಡಿಸ್ತೀನಿ, ಅವನಾದರೂ ಹೇಳಿದ ಹೊತ್ತಿಗೆ ಬರ್ತಾನೆ.

ರೀ, ಯಾಕೆ ಎದ್ದಿರಿ? ಅಧ್ಯಕ್ಷರ ಕಿವಿಯಲ್ಲಿ ಏನು ಹೇಳಿದಿರಿ? ನೋಡಿ, ಅಧ್ಯಕ್ಷರು ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಇವರು ಬಗ್ಗಿ ಮೇಜಿನ ಕೆಳಗೆ ಚಪ್ಪಲಿ ಹುಡುಕ್ತಿದ್ದಾರೆ. ಎಡಗಡೆ ನೋಡಿ, ಎಡಗಡೆ.

ಕೇಳಿಸಿಕೊಂಡ ನಿಮಗೆಲ್ಲ, ಕಾಗದ ಮಡಚಿದ ಅಧ್ಯಕ್ಷರಿಗೆ, ಬಾಯಿ ಬಿಟ್ಟ ಆ ಟೈಲರಿಗೆ ಧನ್ಯವಾದ. ಸಭಿಕರೇ, ಬಂದಿರೋದು ಒಂದೇ ಅರ್ಜಿ. ನಿಯಮದ ಪ್ರಕಾರ ತಿರಸ್ಕರಿಸಬೇಕು. ನಮ್ಮಪ್ಪನಿಗೆ ನಿಯಮ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದೂ ಒಪ್ಪಿಕೊಳ್ತಿದ್ದೀನಿ. ನಮಸ್ಕಾರ.