ಏಡಿ ಬೋನಿಗೆ ಹಾಕುವ ಮೀನು

ಅಮೆರಿಕದ ಲೂಯಿಸಿಯಾನಾದ ಕಡವಿನಲ್ಲಿ ದೋಣಿಗೆ ಕಾಯುತ್ತ, ನನ್ನ ಮುಂದೆ ಏಡಿ ಹಿಡಿಯುವ ಮುದುಕ ಕ್ಲೋವಿಸ್ ಮತ್ತು ಅವನ ತಂಗಿ ಓಡೆಟ್ ನಿಂತಿದ್ದರು. ಅವನ ಕೈಯಲ್ಲಿ ಮೀನಿನ ಬಕೆಟ್ ಇತ್ತು. ಅವಳು ಆಗಷ್ಟೇ ಬಾಣಸಿಗರ ಸ್ಪರ್ಧೆ ನೋಡಿ ಬಂದಿದ್ದಳು.

“ಗೆದ್ದವಳು ಯಾರು ಗೊತ್ತಾ ಅಣ್ಣ? ಮೊನ್ನೆ ನಿನ್ನ ಹತ್ರ ಮೀನು ಇಸ್ಕೊಂಡು ಹೋದ್ಲಲ್ಲ, ಅದೇ ಹುಡುಗಿ.”

“ಈ ಬಕೆಟಲ್ಲಿರೋ ಥರದ ಹಲ್ಲುಮೀನಲ್ಲೇ ಗೆದ್ಲಾ? ಇದನ್ನ ಇಲ್ಲಿ ಯಾರೂ ತಿನ್ನಲ್ಲ. ಏಡಿ ಬೋನಿಗೆ ಅಂದ್ಕೊಂಡು ಕೊಟ್ಟೆ ಕಣೆ. ಎರಡು ದಿನ ಬಿಸಿಲಲ್ಲಿಡು, ನಾರಿದ್ರೆ ಏಡಿ ಓಡಿ ಬರತ್ತೆ ಅಂತ ಬೇರೆ ಹೇಳಿದ್ದೆ.”

“ಪುಣ್ಯಕ್ಕೆ ಅವಳು ಕೇಳಲಿಲ್ಲ. ಬೆಣ್ಣೆ, ನಿಂಬೆಹುಳಿ, ಅಷ್ಟೇ ಹಾಕಿದ್ದು. ಇದು ನಮ್ಮ ನೀರಲ್ಲಿ ಬೇಕಾದಷ್ಟಿದೆ, ಕಮ್ಮಿಯಾಗ್ತಿರೋ ಮೀನು ಯಾಕೆ ಹಿಡೀಬೇಕು ಅಂದ್ಲು.”

“ತೀರ್ಪು ಹೇಳೋರು ತಿಂದ್ರಾ?”

“ಬೇರೆಯವರದೆಲ್ಲ ಒಂದೊಂದು ತುತ್ತು ತಿಂದು ಬರ್ಕೊಂಡ್ರು. ಇವಳ ತಟ್ಟೆ ಬಂದಾಗ ಪೆನ್ನು ಕೆಳಗಿಟ್ಟುಬಿಟ್ರು. ಒಬ್ಬಾಕೆ ಅಷ್ಟು ಜನರ ಮುಂದೆ ಮುಳ್ಳು ಚೀಪ್ತಾ ಕೂತಿದ್ಲು.”

ಕ್ಲೋವಿಸ್ ಬಕೆಟ್ಟಿನ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ.

“ನಲವತ್ತು ವರ್ಷ, ಓಡೆಟ್. ನಮಗಿಂತ ಏಡಿಗಳೇ ಚೆನ್ನಾಗಿ ಉಂಡಿವೆ.”

ದೋಣಿ ಬಂತು. ಒಂದೇ ಕೈಯಲ್ಲಿ ತೂಗಾಡಿಸುತ್ತ ತಂದಿದ್ದ ಬಕೆಟ್ಟನ್ನು ಅವನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಹತ್ತಿದ.